ಕೌದಿಯ ಹೊಟ್ಟೆಯೊಳಗಿನ ರೊಟ್ಟಿ

ಕೊಪ್ಪಳ ಜಿಲ್ಲೆಯಾದ ವರ್ಷ, ಅಂದರೆ 1997ರಲ್ಲಿ, ಗಂಗಾವತಿಯ ಬಸ್ ನಿಲ್ದಾಣದ ಹತ್ತಿರ ನಾನೊಂದು ಎಸ್‌ಟಿಡಿ ಬೂತ್ ಇಟ್ಟೆ. ಯಲಬುರ್ಗಾ ತಾಲ್ಲೂಕಿನ ಊರಿನಿಂದ ದುಡಿಯಲು ಬಂದವನು ನಾನು. ಸಾಲೆ ನಡುವೆಯೇ ಬಿಟ್ಟಿದ್ದೆ. ಹತ್ತನೆಯ ಇಯತ್ತೆ ಪಾಸಾದದ್ದು ಮದುವೆಯಾದ ಮೇಲೆ. ಬೂತಿನಲ್ಲಿ ಕುಳಿತೇ ಓದಿದೆ.

ಅದೇ ಸಾಲಿನಲ್ಲಿ ಇನ್ನೂ ನಾಲ್ಕಾರು ಬೂತ್‌ಗಳಿದ್ದವು. ಎಲ್ಲಕ್ಕೂ ಒಂದೇ ಹಳದಿ ಬೋರ್ಡು, ಒಂದೇ ಕೆಂಪು ಅಂಕಿಯ ಮೀಟರು. ಜನ ನನ್ನ ಬೂತಿಗೇ ಯಾಕೆ ಬರಬೇಕು? ಬೆಳಿಗ್ಗೆ ಶಟರ್ ಎತ್ತುವಾಗಲೇ ಈ ಮಾತು ನೆನಪಾಗಿ ಕೈ ತಣ್ಣಗಾಗುತ್ತಿತ್ತು. ಕಡೆಗೆ ಗಾಜಿನ ಬಾಗಿಲಿಗೆ ಒಂದು ಪರದೆ ಕಟ್ಟಿ, ಒಳಗೆ ಒಂದು ಸ್ಟೂಲ್ ಇಟ್ಟೆ. ಕೆಟ್ಟ ಸುದ್ದಿ ಕೇಳಿದವರು ಯಾರಿಗೂ ಕಾಣದಂತೆ ಕುಳಿತು ಅಳಲಿ ಎಂದು. ಹೆಣ್ಣುಮಕ್ಕಳು ನನ್ನ ಬೂತನ್ನೇ ಹುಡುಕಿಕೊಂಡು ಬರತೊಡಗಿದರು. ಒಂದು ತಿಂಗಳೊಳಗೆ ಎಲ್ಲ ಬೂತಿಗೂ ಪರದೆ ಬಂತು. ಒಬ್ಬನಂತೂ ಸ್ಟೂಲಿನ ಮೇಲೆ ಮೆತ್ತೆಯನ್ನೂ ಇಟ್ಟ.

ಬೂತ್ ಹೋಗಿ ಝೆರಾಕ್ಸ್ ಬಂತು, ಕಂಪ್ಯೂಟರ್ ಬಂತು. ಒಂದೇ ಬೆರಳಿನಲ್ಲಿ ಟೈಪ್ ಮಾಡುವುದನ್ನು ಕಲಿತೆ. ಇವತ್ತಿಗೂ ಅದೇ ಬೆರಳು. ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದಾಗ ಮನೆಯಲ್ಲಿ ನಾನು, ನನ್ನ ಹೆಂಡತಿ, ಅವಳು ಹೊಲಿದಿಟ್ಟ ಕೌದಿಗಳು ಇಷ್ಟೇ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಕೈಹೊಲಿಗೆಯಿಂದ ಸಾಲು ಸಾಲಾಗಿ ಹೊಲಿದ ಹೊದಿಕೆ ಅದು. ನಮ್ಮ ಕಡೆ ಕೌದಿ ಇಲ್ಲದ ಮನೆ ಇಲ್ಲ. ಹೆಂಡತಿ ಹೊಲಿಯುತ್ತಿದ್ದಾಗ ಅವಳ ಕೈ ಬರುವಂತೆ ಫೋಟೊ ಹಿಡಿದು ಆನ್‌ಲೈನ್ ಅಂಗಡಿಯೊಂದರಲ್ಲಿ ಹಾಕಿದೆ. ಹಸಿರು ಬಳೆ, ಮಣಿಕಟ್ಟಿನ ಮೇಲೆ ರೊಟ್ಟಿ ಹಂಚು ತಾಗಿ ಆದ ಸುಟ್ಟ ಗುರುತು. ವಾರದಲ್ಲಿ ಒಂದು ಕೌದಿ ಹೋಯಿತು, ಆಮೇಲೆ ಮತ್ತೊಂದು. ಓಣಿಯ ಹೆಣ್ಣುಮಕ್ಕಳೂ ಹೊಲಿದುಕೊಟ್ಟರು. ಝೆರಾಕ್ಸ್ ಮಷಿನ್ ಮಾರಿ ಇದನ್ನೇ ನಂಬಿದೆ.

ನಂಬಿದ ಮೇಲೆ ಅಂಜಿಕೆ ಶುರುವಾಯಿತು. ಒಂದು ದಿನ ಫೋನಿನಲ್ಲಿ ಬೇರೆಯವರ ಕೌದಿ ನೋಡುತ್ತಿದ್ದೆ. ಹೆಂಡತಿ ಹಿಂದಿನಿಂದ ಬಗ್ಗಿ ನೋಡಿದಳು.

"ಏನ್ರಿ, ಇದು ನನ್ನ ಕೈ ಅಲ್ಲೇನು?"

ಹೌದು. ಅದೇ ಬಳೆ, ಅದೇ ಸುಟ್ಟ ಗುರುತು. ಅಂಗಡಿ ಮಾತ್ರ ಕುಷ್ಟಗಿ ಕಡೆಯ ಯಾರದೋ. ಕೌದಿ ಮಷಿನ್ ಹೊಲಿಗೆಯದು, ಬೆಲೆ ನಮ್ಮದಕ್ಕಿಂತ ಕಡಿಮೆ.

"ನನ್ನ ಕೈ ಮಾರಾಕ ಹತ್ಯಾನಲ್ರಿ ಭಾಡ್ಯಾ! ಬಳಿನಾದ್ರೂ ಬದಲಿ ಮಾಡಬಾರದ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆ ಹೊತ್ತಿಗೆ ಅಂಥ ಅಂಗಡಿಗಳು ಬಹಳ ಇದ್ದವು. ನಾನು ಬಣ್ಣದ ಹಾಳೆಯಲ್ಲಿ ಸುತ್ತಿ ಕಳಿಸಿದರೆ ಅವರೂ ಸುತ್ತಿದರು. ನಾನು 'ಶುದ್ಧ ಕೈಕೆಲಸ' ಎಂದು ಬರೆದರೆ ಮಷಿನ್ ಹೊಲಿಗೆಯ ಮೇಲೂ ಅದೇ ಮಾತು ಬಂತು. ಆರ್ಡರ್ ಬರುವ ಗಂಟೆಯ ಸದ್ದು ನಿಂತುಹೋಯಿತು. ಫೋನ್ ಕೆಟ್ಟಿದೆಯೇನೋ ಎಂದು ಹೆಂಡತಿಯ ಫೋನಿನಿಂದ ನನಗೇ ಕರೆ ಮಾಡಿ ನೋಡುತ್ತಿದ್ದೆ.

ದಾರಿ ತೋರಿಸಿದ್ದೂ ಅವಳೇ. ಮಂಚದ ಮೇಲಿನ ನಮ್ಮ ಮನೆಯ ಕೌದಿ ಮಡಚುತ್ತಾ ಅಂದಳು: "ಇದರಾಗ ಇದು ನಮ್ಮವ್ವನ ಸೀರಿ, ಇದು ನಿಮ್ಮ ಧೋತ್ರ ಅಂತ ಗುರ್ತ ಹಿಡಿಯಾಕ ಬರತೈತಿ. ಮಾರೋ ಕೌದ್ಯಾಗ ಏನೈತಿ? ಯಾರ ಸೀರ್ಯೋ ಏನೋ."

ಅದರ ಮೇಲೆ ಎರಡು ದಿನ ಯೋಚಿಸಿ ಅಂಗಡಿಯ ಪುಟದಲ್ಲಿ ಒಂದೊಂದೇ ಅಕ್ಷರ ಹುಡುಕಿ ಹೀಗೆ ಬರೆದೆ: 'ನಿಮ್ಮ ಮನೆಯವರ ಹಳೆಯ ಬಟ್ಟೆ ಕಳಿಸಿ. ಅದರಲ್ಲೇ ನಿಮಗೆ ಕೌದಿ ಹೊಲಿದು ಕೊಡುತ್ತೇವೆ. ಹೊರಗಿನದು ಏನೂ ಸೇರಿಸುವುದಿಲ್ಲ. ಉಳಿದ ಚೂರನ್ನೂ ತಿರುಗಿ ಕಳಿಸುತ್ತೇವೆ.'

ಕೊರಿಯರ್ ಅಂಗಡಿಯ ಗೆಳೆಯ ಅದನ್ನು ಓದಿ ಹೊಟ್ಟೆ ಹಿಡಿದು ನಕ್ಕ. "ಏನ್ ಸಾವ್ಕಾರ್ರ, ಚಿಂದಿ ಆಯೋ ಧಂದೆ ಹಿಡಿದ್ರೇನು? ಒಂದು ಭೊಂಗಾ ಕೊಡಸ್ಲೇನು, ಓಣಿ ಓಣಿ ಒದರಕೋತ ತಿರಗಾಕ?"

ಮೊದಲ ಕರೆ ಮೈಸೂರಿನಿಂದ ಬಂತು. ಒಬ್ಬ ಹೆಣ್ಣುಮಗಳು. ತಾಯಿ ತೀರಿಕೊಂಡು ವರ್ಷವಾಗಿಲ್ಲ, ಅವರ ನೂಲಿನ ಸೀರೆಗಳಿವೆ ಎಂದರು.

"ನೀವು ಬರೆದಿದೀರಲ್ಲ, ಹೊರಗಿಂದು ಏನೂ ಸೇರಿಸಲ್ಲ ಅಂತ. ನಿಜ ತಾನೆ? ಅದೊಂದು ನೋಡೇ ನಿಮಗೆ ಫೋನ್ ಮಾಡ್ದೆ. ಮತ್ತೆ ಇನ್ನೊಂದು, ದಯವಿಟ್ಟು ತೊಳೀಬೇಡಿ. ಅಮ್ಮನ ವಾಸನೆ ಇನ್ನೂ ಇದೆ."

"ಇಲ್ರಿ ಅಕ್ಕಾರ, ನೀರು ಸೋಕಸಂಗಿಲ್ಲ" ಎಂದೆ. 

ಪಾರ್ಸೆಲ್ ಬಂದ ದಿನದಿಂದ ನಮ್ಮ ಮನೆಯಲ್ಲಿ ಒಬ್ಬರು ಬಂದು ಕುಳಿತಂತಾಯಿತು. ಸೀರೆಗಳನ್ನು ಮೊದಲು ಟ್ರಂಕಿನಲ್ಲಿಟ್ಟೆ. ಟ್ರಂಕಿಗೆ ತುಕ್ಕು ಹಿಡಿದಿದೆ, ಕಲೆಯಾದರೆ? ದೇವರ ಮಾಡದ ಹತ್ತಿರ ಇಟ್ಟೆ. ದೀಪದ ಕಿಡಿ ಸಿಡಿದರೆ? ಅಟ್ಟಕ್ಕೆ ಏರಿಸಿದೆ. ಇಲಿ? ಬೇರೆ ಕೌದಿ ಹಾಳಾದರೆ ಇನ್ನೊಂದು ಹೊಲಿದು ಕಳಿಸಬಹುದು. ಇದು ಹಾಳಾದರೆ ಆ ತಾಯಿಯನ್ನು ಎಲ್ಲಿಂದ ತರಲಿ?

ಹೆಂಡತಿ ಕತ್ತರಿ ಹಿಡಿದು ಕುಳಿತವಳು ಹಾಗೆಯೇ ಎದ್ದುಬಿಟ್ಟಳು. "ನನ್ನ ಕೈಲೆ ಆಗಂಗಿಲ್ರಿ. ಸತ್ತೋರ ಸೀರಿಗೆ ನಾ ಕತ್ತರಿ ಹಚ್ಚಂಗಿಲ್ಲ. ದೊಡ್ಡವ್ವನ ಕಡೆ ಒಯ್ಯೋಣು."

ದೊಡ್ಡವ್ವ ಎಂದರೆ ಅವಳ ತಾಯಿಯ ಅಕ್ಕ, ಕನಕಗಿರಿಯಲ್ಲಿರುವವರು. ನಾನು ಅತ್ತಿ ಅನ್ನುತ್ತೇನೆ. ಮಾರಲು ಒಂದೂ ಕೌದಿ ಹೊಲಿದವರಲ್ಲ. ಬಾಣಂತಿಗೆ, ಮದುವೆಯ ಮಗಳಿಗೆ, ಹೀಗೆ ಮನೆಗಳಿಗೆ ಹೊಲಿದವರು. ಸೀರೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮೂಸಿ ನೋಡಿದರು. "ಒಲಿ ಮುಂದ ಕುಂತ ಜೀವ ಇದು" ಎಂದರು. ನಾನು ಮತ್ತೆ ಮತ್ತೆ ಹೇಳಿದೆ: "ಅತ್ತಿ, ಹೊರಗಿನ ಒಂದು ಎಳಿ ಸೇರಬಾರದ್ರಿ. ಒಳಪದರಾನೂ ಇವೇ ಸೀರಿ. ನೀರು ಸೋಕಬಾರದು."

"ತಿಳೀತೋ ಅಳಿಯಾರ. ಕಿವಿ ಕೇಳ್ತಾವ ನನಗ."

ಕೌದಿ ಮುಗಿದಾಗ ನಾನೇ ಹೋಗಿ ತಂದೆ. ಅಂಥ ಹೊಲಿಗೆಯನ್ನು ನಾನು ನೋಡಿರಲಿಲ್ಲ. ಇರುವೆ ಸಾಲಿನ ಹಾಗೆ ಸಣ್ಣಗೆ ಸುತ್ತಿಕೊಂಡು ನಡುವಿಗೆ ಬಂದು ನಿಂತಿತ್ತು. ನಡುವೆ ಒಂದು ಕೆಂಪು ಚೌಕ. ನಾನು ಬಿಚ್ಚಿ ತಿರುವಿ ನೋಡಲೂ ಅಂಜಿ, ಹಾಗೆಯೇ ಸುತ್ತಿ ಕೊರಿಯರ್‌ಗೆ ಕೊಟ್ಟೆ.

ಮರುದಿನ ಉಳಿದ ಚೂರುಗಳನ್ನು ತರಲು ಮತ್ತೆ ಕನಕಗಿರಿಗೆ ಹೋದೆ. ಅತ್ತಿ ಚಹಾ ಕೊಟ್ಟು ಎದುರಿಗೆ ಕುಳಿತರು.

"ಮುಟ್ಟಿತೇನು ಕೌದಿ?"

"ಇನ್ನೂ ಇಲ್ರಿ. ಹುಬ್ಬಳ್ಳಿ ತನಕ ಹೋಗಿರಬೇಕು."

"ಚಿಂತಿ ಬ್ಯಾಡ ತಗೋ. ಹೊಟ್ಟಿ ತುಂಬಿಸೇ ಕಳಸೀನಿ. ಖಡಕ್ ರೊಟ್ಟಿ ಇಟ್ರ ಮೈಗೆ ಚುಚ್ಚತೈತಿ ಅಂತ ಮೆತ್ತಂದು ಬಿಸಿ ರೊಟ್ಟಿ ಇಟ್ಟೀನಿ. ತುಪ್ಪಾನೂ ಸವರೀನಿ."

ನಾನು ಚಹಾದ ಬಟ್ಟಲು ಕೆಳಗಿಟ್ಟೆ.

ನಮ್ಮ ಕಡೆ ಮನೆಗೆ ಹೊಲಿದ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ನಡುವಿನ ಕಡೆಯ ತುಂಡನ್ನು ಹೊಲಿಯುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂಬ ನಂಬಿಕೆ. ನಾನು ಹುಟ್ಟಿದಾಗಿನಿಂದ ನೋಡಿದ್ದು. ಮಾರುವ ಕೌದಿಗೆ ನಮ್ಮ ಓಣಿಯವರು ಇಡುತ್ತಿರಲಿಲ್ಲವಾದ್ದರಿಂದ ನನಗೆ ಮರೆತೇ ಹೋಗಿತ್ತು. ಎಳೆ ಬೇಡ ಎಂದೆ, ನೀರು ಬೇಡ ಎಂದೆ. ರೊಟ್ಟಿ ಬೇಡ ಎನ್ನಲಿಲ್ಲ.

"ಅತ್ತಿ, ಏನೂ ಸೇರಸಂಗಿಲ್ಲ ಅಂತ ಬರದು ಕೊಟ್ಟೀನ್ರಿ!"

"ರೊಟ್ಟಿ ಏನು ಅರಿವೀನ? ಅರಿವಿ ಸೇರಸಬ್ಯಾಡ ಅಂದಿ, ಸೇರಸಿಲ್ಲ. ಅಕಿನ್ನ ಉಪಾಸ ಕಳಸ್ಲೇನು ಅಷ್ಟು ದೂರ?"

ಗಂಗಾವತಿಗೆ ಬರುವಾಗ ಬಸ್ಸಿನ ಕಿಟಕಿಯಿಂದ ದೇವಿಯ ಗುಡಿಯಿರುವ ಹೇಮಗುಡ್ಡ ಕಾಣಿಸಿದಾಗ ಕೈ ಮುಗಿದೆ. ತುಪ್ಪದ ರೊಟ್ಟಿ, ಮಳೆಗಾಲ, ಕಟ್ಟಿದ ಪಾರ್ಸೆಲ್. ಬೂಸಲು ಬರುತ್ತದೆ, ಇರುವೆ ಬರುತ್ತದೆ, ಇಲಿ ಬರುತ್ತದೆ. ರೊಟ್ಟಿಯ ಜೊತೆಗೆ ಸೀರೆಯನ್ನೂ ತಿನ್ನುತ್ತವೆ. ಇವು ಹೇಳಿಕೊಳ್ಳಬಹುದಾದ ಅಂಜಿಕೆಗಳು. ಹೇಳಿಕೊಳ್ಳಲಾಗದ್ದು ಒಂದಿತ್ತು. ಆ ಹೆಣ್ಣುಮಗಳ ಹೆಸರಿನ ಧಾಟಿ ನೋಡಿದರೆ ಅವರು ನಮ್ಮ ಮನೆಯ ನೀರು ಕುಡಿಯುವ ಜನ ಅಲ್ಲ ಅನ್ನಿಸಿತ್ತು. ಸಣ್ಣವನಿದ್ದಾಗ ಅಂಥ ಮನೆಯ ಅಂಗಳದಲ್ಲಿ ನಾನು ಬೊಗಸೆ ಒಡ್ಡಿ ನಿಂತಿದ್ದೇನೆ. ಮೇಲಿನಿಂದ ನೀರು ಸುರಿಯುತ್ತಿದ್ದರು. ಈಗ ನಮ್ಮ ಅತ್ತಿಯ ಕೈಯ ರೊಟ್ಟಿ ಅವರ ತಾಯಿಯ ಸೀರೆಯೊಳಗೆ ಕುಳಿತು ಹೋಗುತ್ತಿತ್ತು.

ಕೊರಿಯರ್ ಗೆಳೆಯನ ಹತ್ತಿರ ಓಡಿದೆ. "ಪಾರ್ಸೆಲ್ ತಡೀಬೇಕು. ಹೆಂಗಾರ ಮಾಡು."

"ಅದರಾಗ ಏನೈತ್ರಿ, ಬಾಂಬ್ ಐತೇನು?"

"ರೊಟ್ಟಿ ಐತಿ."

ಅವನು ನನ್ನ ಮುಖ ನೋಡಿದ, ನಗಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ ತಲೆ ಅಲ್ಲಾಡಿಸಿದ. "ಹುಬ್ಬಳ್ಳಿ ದಾಟೈತಿ. ಇನ್ನ ಅವರ ಮನೀಗೇ. ಸುಮ್ನಿರ್ರಿ, ಅವ್ರಿಗೇನ್ ಗೊತ್ತಾಗತೈತಿ?"

ಸುಮ್ಮನಿರಬಹುದಿತ್ತು. ಆದರೆ ಬೇರೆ ಅಂಗಡಿಗಳಿಗಿಂತ ನನ್ನದು ಬೇರೆ ಎಂದು ಹೇಳಲು ಇದ್ದದ್ದು ಆ ಒಂದು ಮಾತು. ಅದನ್ನೇ ಮುಚ್ಚಿಟ್ಟರೆ ನನಗೂ ಬಳೆಯ ಫೋಟೊ ಕದ್ದವನಿಗೂ ಏನು ಭೇದ? ಇಷ್ಟು ಧೈರ್ಯದಿಂದ ಯೋಚಿಸಿದೆನೇ ಹೊರತು ಫೋನ್ ಹಚ್ಚಿ ಒಂದೇ ಗಂಟೆಗೆ ಕಟ್ ಮಾಡಿದೆ. ಅವರೇ ತಿರುಗಿ ಮಾಡಿದರು.

ಎಲ್ಲ ಹೇಳಿದೆ. ರೊಟ್ಟಿ, ತುಪ್ಪ, ನಮ್ಮ ಪದ್ಧತಿ, ಅತ್ತಿಯ ಮನಸ್ಸು. ಅವರು ಸಣ್ಣ ದನಿಯಲ್ಲಿ ಅಂದರು:

"ನಮ್ಮಮ್ಮ ಯಾರ ಮನೇಲೂ ಊಟ ಮಾಡ್ತಿರಲಿಲ್ಲ. ನನ್ನ ಮನೆಗೆ ಬಂದ್ರೂ ತಾನೇ ಅಡುಗೆ ಮಾಡ್ಕೊಳ್ಳೋರು. ಅವರ ಸೀರೆ ಒಳಗೆ ಈಗ ರೊಟ್ಟಿ ಅಂತೀರಲ್ಲ."

"ತಪ್ಪಾತ್ರಿ ಅಕ್ಕಾರ."

"ನನ್ನ ಕೈಲಿ ಬಿಚ್ಚೋಕಾಗಲ್ಲ. ಬಂದ ಕೂಡ್ಲೇ ವಾಪಸ್ ಕಳಿಸ್ತೀನಿ. ಹೊಲಿದವರೇ ತೆಗೀಲಿ."

ವಾಪಸ್ ಬರುವ ತನಕದ ದಿನಗಳಲ್ಲಿ ನಾನು ಅಂಗಡಿಯ ಪುಟ ತೆರೆದು ಚುಕ್ಕಿ ನೋಡುತ್ತಲೇ ಇದ್ದೆ. ಗಿರಾಕಿಗಳು ಕೊಡುವ ಚುಕ್ಕಿಗಳವು. ಒಂದೇ ಚುಕ್ಕಿ ಕೊಟ್ಟು 'ಒಳಗೆ ಕೊಳೆತ ರೊಟ್ಟಿ ಇತ್ತು' ಎಂದು ಅವರು ಬರೆದರೆ ಮುಗಿಯಿತು. ಹೊಲಿದುಕೊಡುತ್ತಿದ್ದ ಓಣಿಯ ಹೆಣ್ಣುಮಕ್ಕಳಿಗೆ ನಾನು ಏನು ಹೇಳಲಿ ಎಂದು ಅವರ ಬಾಗಿಲು ತಪ್ಪಿಸಿ ಸುತ್ತುಹಾಕಿ ಹೋಗುತ್ತಿದ್ದೆ.

ಕೌದಿ ಬಂತು. ಕನಕಗಿರಿಗೆ ಒಯ್ದೆ. ಅತ್ತಿ ಬ್ಲೇಡಿನಿಂದ ಕೆಂಪು ಚೌಕದ ಹೊಲಿಗೆ ಬಿಚ್ಚಿದರು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ. ತಿರುಗಿ ನೋಡಿದರೆ ರೊಟ್ಟಿ ಹಸಿರುಗಟ್ಟಿತ್ತು. ಕೆಳಗಿನ ಸೀರೆಯಲ್ಲಿ ತೂತು ಬಿದ್ದಿರಲಿಲ್ಲ. ತುಪ್ಪದ ಒಂದು ಉಂಗುರದಂಥ ಕಲೆ ಮಾತ್ರ.

"ತೆಗದೆ. ಈಗ ಏನಿಡ್ಲಿ?"

"ಏನೂ ಬ್ಯಾಡ್ರಿ. ಹಂಗ ಮುಚ್ರಿ."

ಅತ್ತಿ ಸೂಜಿಯನ್ನು ಸೆರಗಿಗೆ ಚುಚ್ಚಿ ಕೈ ಕಟ್ಟಿಕೊಂಡರು. "ಹಸದ ಹೊಟ್ಟಿ ನಾ ಹೊಲಿಯಂಗಿಲ್ಲ. ಬೇರೆ ಯಾರನ್ನಾರ ನೋಡ್ಕೋ."

"ಹಾಳಾಗಲಾರದ್ದು ಏನಾರ ಇಡ್ರೆಲ್ಲ. ಒಂದು ಗುಂಡಿ, ಒಂದು ಮಣಿ..."

"ಹಾಳಾಗಲಾರದ್ದಕ್ಕ ಊಟ ಅಂತಾರೇನೋ? ಮಣಿ ತಿಂತಿಯೇನು ನೀನು?"

ಬೇರೆ ದಾರಿ ಇಲ್ಲದೆ ಆ ತಾಯಿ ಯಾರ ಮನೆಯಲ್ಲೂ ಉಣ್ಣುತ್ತಿರಲಿಲ್ಲ ಎನ್ನುವುದನ್ನು ಹೇಳಿದೆ. ಯಾಕೆ ಎಂದು ಅತ್ತಿ ಕೇಳಲಿಲ್ಲ. ನಮ್ಮಲ್ಲಿ ಅದನ್ನು ಯಾರೂ ಕೇಳಬೇಕಾಗಿಲ್ಲ. ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತುತ್ತಾ ಅಂದರು:

"ನಾ ಮುಟ್ಟಿ ಹೊಲದ ಕೌದಿ ಹೊದಿಯಾಕ ಬರತೈತಿ. ನಾ ಬಡದ ರೊಟ್ಟಿ ಆಗಂಗಿಲ್ಲ. ಹೌದಲ್ಲೋ?"

ನೆಲಕ್ಕೆ ಬಿದ್ದಿದ್ದ ದಾರದ ಚೂರುಗಳನ್ನು ನಾನು ಆರಿಸತೊಡಗಿದೆ.

"ಇರ್ಲಿ ಬಿಡು. ಆಗಂಗಿಲ್ಲ ಅಂದೋರಿಗೆ ಬಾಯಾಗ ತುರುಕಾಕ ಬರತೈತೇನು? ಆದ್ರ ಅಕಿನ್ನ ಉಪಾಸ ಇಡಾಕ ನನ್ನ ಕೈ ಬರಂಗಿಲ್ಲ. ಅಕಿ ಮನೀದ ತರಸು. ಅಕೀನ ಮಾಡಿದ್ದು ಏನಾರ ಇರಬೇಕಲ್ಲ, ಡಬ್ಬ್ಯಾಗ, ಗಡಗ್ಯಾಗ."

ಮತ್ತೆ ಮೈಸೂರಿಗೆ ಫೋನ್. ಈ ಸಲ ಅತ್ತಿಯ ಎದುರಿಗೇ ಮಾಡಿದೆ, ಕಟ್ ಮಾಡಲು ಬಿಡಲಾರರು ಎಂದು. ಕಲೆಯ ವಿಷಯವನ್ನೂ ಹೇಳಿದೆ. ಅತ್ತಿ ಹೇಳಿದ್ದನ್ನೂ ಹೇಳಿದೆ. ಆ ಕಡೆ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

"ಹಪ್ಪಳ ಇದೆ. ಅಮ್ಮ ಹೋಗೋ ಮುಂಚಿನ ಬೇಸಿಗೇಲಿ ಮಾಡಿಟ್ಟಿದ್ದು. ಇದೇ ಕೊನೇದು. ಕರಿಯೋಕೆ ಮನಸ್ಸಾಗದೆ ಇಟ್ಕೊಂಡಿದೀನಿ."

ಸೀರೆ ಸಾಲದೆಂದು ಈಗ ಕಡೆಯ ಹಪ್ಪಳ. ಅದು ದಾರಿಯಲ್ಲಿ ಪುಡಿಯಾದರೆ? "ಬ್ಯಾಡ್ರಿ ಅಕ್ಕಾರ, ಅದನ್ನ ಇಟ್ಕೊಳ್ರಿ" ಎನ್ನುವಷ್ಟರಲ್ಲಿ ಅತ್ತಿ ಫೋನ್ ಕಸಿದುಕೊಂಡರು.

"ಕಳಸವ್ವ ನೀ. ನಾ ಅದೀನಿ."

ಹಪ್ಪಳ ಎರಡು ರಟ್ಟಿನ ನಡುವೆ, ಹತ್ತಿಯಲ್ಲಿ ಸುತ್ತಿಕೊಂಡು ಬಂತು. ಕೊರಿಯರ್ ಗೆಳೆಯ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ಒಂದು ಅಂಚು ಮುರಿದಿತ್ತು. ಕನಕಗಿರಿಗೆ ಒಯ್ದಾಗ ಅತ್ತಿ ಆ ಮುರಿದ ಅಂಚನ್ನೇ ಆರಿಸಿಕೊಂಡರು. ಉಳಿದದ್ದನ್ನು ತಿರುಗಿ ಕಳಿಸಲು ನನ್ನ ಕೈಗೆ ಕೊಟ್ಟರು.

"ಕೆಂಡದ ಮ್ಯಾಲ ಸುಟ್ಟು ಇಡ್ಲೇನು? ಹಸಿ ಹಪ್ಪಳ ಯಾರು ತಿಂತಾರ?"

"ಬ್ಯಾಡ್ರಿ ಅತ್ತಿ, ಕೈ ಮುಗೀತೀನಿ. ಅವರು ನಿಧಾನಕ್ಕ ತಿಂತಾರ."

ಅತ್ತಿ ನಕ್ಕರು. ಆ ದಿನಗಳಲ್ಲಿ ನಾನು ಕಂಡ ಮೊದಲ ನಗು ಅದು. ಚೂರನ್ನು ಆ ತಾಯಿಯ ಸೀರೆಯ ತುಂಡಿನಲ್ಲೇ ಸುತ್ತಿ, ಒಳಗಿಟ್ಟು, ಕೆಂಪು ಚೌಕ ಮುಚ್ಚಿದರು.

ಕೌದಿ ಮುಟ್ಟಿದ ದಿನ ಫೋನಿಗೆ ಒಂದು ದನಿ ಸಂದೇಶ ಬಂತು. "ಬಂತು. ಹೊದ್ಕೊಂಡೆ." ಅಷ್ಟೇ. ಚುಕ್ಕಿ ಕೊಡಲಿಲ್ಲ. ಒಂದೂ ಅಲ್ಲ, ಐದೂ ಅಲ್ಲ. ಆ ಜಾಗ ಇವತ್ತಿಗೂ ಖಾಲಿ ಇದೆ. ಅವರ ಮನಸ್ಸಿನಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. ಆದರೆ ಎರಡು ತಿಂಗಳ ಮೇಲೆ ಹಾಸನದಿಂದ ಒಬ್ಬರು ತಂದೆಯ ಪಂಚೆಗಳನ್ನು ಕಳಿಸಿದರು. ಜೊತೆಗೆ ಒಂದು ಪೊಟ್ಟಣದಲ್ಲಿ ಅವರ ಗದ್ದೆಯ ಭತ್ತ. "ಮೈಸೂರಿನವರು ಹೇಳಿದ್ರು, ಹೊಟ್ಟೆಗೆ ನಾವೇ ಕಳಿಸ್ಬೇಕಂತೆ" ಎಂದರು. ಆಮೇಲೆ ಇನ್ನೊಬ್ಬರು. ಈಗ ನಮ್ಮ ಅಲಮಾರಿಯ ತುಂಬ ತೀರಿಕೊಂಡವರ ಬಟ್ಟೆ. ರಾತ್ರಿ ಬೀಗ ಹಾಕಿ ಬೀಗ ಎಳೆದು ನೋಡುತ್ತೇನೆ, ಬೆಳಿಗ್ಗೆ ಮತ್ತೆ ಎಳೆದು ನೋಡುತ್ತೇನೆ. ಧಂದೆ ಕುಂಟುತ್ತಿದ್ದಾಗ ಇದ್ದ ಅಂಜಿಕೆ ಇದರ ಮುಂದೆ ಏನೂ ಅಲ್ಲ.

ಅಂಗಡಿಯಲ್ಲಿ ಹಳೆಯ ಮಾತು ಅಳಿಸಿ ಬರೆದೆ: 'ಕೌದಿಯ ಹೊಟ್ಟೆಗೆ ಏನಿಡಬೇಕೋ ಅದನ್ನು ನೀವೇ ಕಳಿಸಿ.' ವಾರ ಕಳೆಯುವುದರೊಳಗೆ ಬಳೆ ಕದ್ದವನ ಅಂಗಡಿಯಲ್ಲೂ 'ಹೊಟ್ಟೆ ತುಂಬಿದ ಕೌದಿ' ಬಂತು. ಮತ್ತೆ ಕೈ ತಣ್ಣಗಾಯಿತು. ತಡೆಯಲಾರದೆ, ನನ್ನ ಗುರುತು ಸಿಗದಿರಲೆಂದು ಅತ್ತಿಯ ವಿಳಾಸಕ್ಕೆ ಅಂಥದ್ದೊಂದನ್ನು ತರಿಸಿದೆ.

ಅತ್ತಿ ಬ್ಲೇಡು ತಂದು ನಡುವಿನ ತುಂಡು ಬಿಚ್ಚಿದರು. ಒಳಗೆ ಒಂದು ಚೂರು ಸ್ಪಂಜು ಇತ್ತು, ಉಬ್ಬಿ ಕಾಣಲಿ ಎಂದು ಇಟ್ಟದ್ದು. ನಾನು ಗೆದ್ದೆ ಎನ್ನುವಂತೆ ಅವರ ಮುಖ ನೋಡಿದೆ. ಅವರು ನನ್ನನ್ನು ನೋಡಲೇ ಇಲ್ಲ.

"ಅಯ್ಯ ಪಾಪ, ಕುಷ್ಟಗಿಯಿಂದ ಹಸಗೊಂಡು ಬಂದೈತಲ್ಲೋ" ಎನ್ನುತ್ತ ಒಳಗೆ ಹೋದರು. ಬುಟ್ಟಿಯಿಂದ ರೊಟ್ಟಿ ತಂದು, ಬೇಡ ಬೇಡ ಎಂದರೂ ತುಪ್ಪ ಸವರಿ, ಒಳಗಿಟ್ಟು ಹೊಲಿದುಬಿಟ್ಟರು.

ಆ ಕೌದಿ ಈಗ ನನ್ನ ಮಂಚದ ಮೇಲಿದೆ. ಅತ್ತಿ ಕೊಟ್ಟದ್ದನ್ನು ಬೇಡ ಎನ್ನಲಾಗಲಿಲ್ಲ. ಎದ್ದ ಕೂಡಲೇ ದೀಪ ಹಚ್ಚಿ, ನಡುವಿನ ತುಂಡಿನ ಸುತ್ತ ಇರುವೆ ಬಂದಿವೆಯೇ ಎಂದು ನೋಡುತ್ತೇನೆ.